ಕಣ್ಣಿನ ಡಾಕ್ಟರ ಸಾಲಿನಲ್ಲಿ

ಕ್ಷೌರದಂಗಡಿಯ ಯಜಮಾನನಿಗೆ ಊರವರು ಇಟ್ಟ ಹೆಸರು ರೇಡಿಯೋ. ಕತ್ತರಿಗಿಂತ ನಾಲಿಗೆ ಚುರುಕು. ಒಬ್ಬರ ಗಲ್ಲಕ್ಕೆ ನೊರೆ ಹಚ್ಚುತ್ತಾ ಇನ್ನೊಬ್ಬರ ಮನೆಯ ಸುದ್ದಿಗೆ ಉಪ್ಪುಖಾರ ಹಚ್ಚುವುದು ಅವನ ಕಸುಬಿನ ಅರ್ಧ. ಹೋದ ವರ್ಷ ಅಂಚೆಯವನು ಮನಸ್ಸಿನ ಡಾಕ್ಟರ ಹತ್ತಿರ ಹೋದನೆಂದು ತಿಳಿದಾಗ, "ಸ್ಕ್ರೂ ಲೂಸು" ಎಂದು ವಾರಗಟ್ಟಲೆ ಗಿರಾಕಿಗಳನ್ನು ನಗಿಸಿದ್ದ. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ತಮ್ಮ ಮಾತ್ರ ನಗಲಿಲ್ಲ. ರೇಡಿಯೋ ಅದನ್ನು ಗಮನಿಸಲೂ ಇಲ್ಲ.

ಆ ತಮ್ಮನೇ ಒಂದು ಬೆಳಿಗ್ಗೆ ಅಂಗಡಿ ಗುಡಿಸುತ್ತಾ, "ಅಣ್ಣ, ನಂಗೆ ಬದುಕಿರೋದೇ ಬೇಡ ಅನ್ಸುತ್ತೆ. ತುಂಬಾ ದಿನ ಆಯ್ತು" ಅಂದ. ರೇಡಿಯೋ ಕೈಲಿದ್ದ ಕತ್ತರಿ ಕೆಳಗಿಟ್ಟ. ಬಾಗಿಲು ಎಳೆದು ನೇರ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು.

ಆದರೆ ಮನಸ್ಸಿನ ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ, ವಾರವಾರ ಗಡ್ಡಕ್ಕೆ ಬರುವ ಕರೆಂಟ್ ಮೀಟರಿನವನು ಕೂತಿದ್ದ. ರೇಡಿಯೋಗೆ ತನ್ನ ಅಂಗಡಿ ಕಣ್ಣಮುಂದೆ ಬಂತು. ತಲೆ ಕೆಟ್ಟವನ ಕತ್ತಿಗೆ ಯಾರು ತಾನೇ ಕುತ್ತಿಗೆ ಒಡ್ಡುತ್ತಾರೆ?

ಮೀಟರಿನವನೇ ಮೊದಲು ದಡಬಡಿಸಿ ಎದ್ದ. "ನಾನು ಕಣ್ಣು ತೋರ್ಸೋಕೆ ಬಂದೆ. ಯಾವ ಕಡೇನೋ ಗೊತ್ತಾಗ್ಲಿಲ್ಲ, ಇಲ್ಲಿ ಕೂತೆ."

"ನಾವೂ ಕಣ್ಣಿಗೇ ಬಂದಿರೋದು," ಅಂದ ರೇಡಿಯೋ. "ಇವನಿಗೆ ಸ್ವಲ್ಪ ಮಂಜು."

ಮೂವರೂ ಹೋಗಿ ಕಣ್ಣಿನ ಸಾಲಿನಲ್ಲಿ ನಿಂತರು. ಸಾಲು ಆಮೆಯಂತೆ ತೆವಳಿತು. ಮೀಟರಿನವನು ಕದ್ದು ಕದ್ದು ತನ್ನ ಮುಖ ನೋಡುವುದು ಕಂಡಾಗ ರೇಡಿಯೋಗೆ ಹೊಳೆಯಿತು: ಇವನು ಹೆದರಿದ್ದು ತನ್ನ ಬಾಯಿಗೆ. ನಾಚಿಕೆಯಿಂದ ಕುಗ್ಗಿಹೋದ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಊರಿಗೆಲ್ಲ ಮಾತು ಹಂಚಿದವನಿಗೆ ಒಂದು ಮಾತೂ ಹೊರಡಲಿಲ್ಲ.

ತಮ್ಮ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯವರೆಗೂ ತಡವರಿಸದೆ ಓದಿದ. "ಕಣ್ಣಿಗೇನೂ ಆಗಿಲ್ಲ" ಎಂದರು ಡಾಕ್ಟರು. ಮೀಟರಿನವನ ಕಣ್ಣಿಗೂ ಏನೂ ಆಗಿರಲಿಲ್ಲ. ಅವನು ತಲೆ ತಗ್ಗಿಸಿ ಗೇಟಿನ ಕಡೆ ನಡೆದ.

ರೇಡಿಯೋ ತಮ್ಮನನ್ನು ಎಳೆದುಕೊಂಡು ವಾಪಸ್ ಓಡಿದ. ಮನಸ್ಸಿನ ಡಾಕ್ಟರ ಬಾಗಿಲಿಗೆ ಬೀಗ ಬಿದ್ದಿತ್ತು.

"ನಾಳೆ ಬೆಳಿಗ್ಗೇನೇ ಬರೋಣ ಕಣೋ. ಯಾರಿದ್ರೂ ಸರಿ, ಇಲ್ಲೇ ಕೂರೋಣ."

"ಬೇಡ ಬಿಡಣ್ಣ," ಅಂದ ತಮ್ಮ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಇದೊಂದು ಮಾತು ಹೇಳೋಕೆ ಇಷ್ಟು ದಿನ ಧೈರ್ಯ ಕೂಡಿಸ್ದೆ. ನಿಂಗೂ ನಾನಂದ್ರೆ ನಾಚ್ಕೇನೆ ಅಂತ ಇವತ್ತು ಗೊತ್ತಾಯ್ತು."

ರೇಡಿಯೋ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಿಟ್ಟರೆ ಏನಾಗುವುದೋ ಎಂಬ ಭಯಕ್ಕೆ ಮನೆ ಮುಟ್ಟುವವರೆಗೂ ಬಿಡಲಿಲ್ಲ. ಮನೆ ಮುಟ್ಟಿದ ಮೇಲೂ, ಯಾವಾಗ ಬಿಡಬಹುದೆಂದು ಅವನಿಗೆ ಗೊತ್ತಾಗಲಿಲ್ಲ.