ಹದಿನೇಳನೇ ಹಾಸಿಗೆ

“ಸರ್ಕಾರದ ಆದಾಯದಲ್ಲಿ ನೂರಕ್ಕೆ ಇಪ್ಪತ್ತೆರಡು ಬರೀ ಬಡ್ಡಿಗೇ ಹೋಗತ್ತೆ ಕಣಯ್ಯಾ! ಅಸಲು ಕಲ್ಲುಬಂಡೆ ಥರ ಹಾಗೇ ಕೂತಿದೆ,” ಎಂದು ಲೆಕ್ಕದ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದಾಗ, ಕ್ಷೌರದವನು ಕತ್ತಿಯನ್ನು ಗಾಳಿಯಲ್ಲೇ ಹಿಡಿದು ನಿಂತ.

“ಕೂತ್ಕೊಳ್ಳಿ ಮೇಷ್ಟ್ರೇ. ಸರ್ಕಾರದ ಸಾಲಕ್ಕೆ ನಿಮ್ಮ ಕಿವಿ ಹೋದೀತು.”

ಬೆಂಚಿನ ಮೇಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಪತ್ರಿಕೆ ಮಡಚಿದ. “ಸಾಲ ಇರ್ಲಿ ಬಿಡಿ. ದೊಡ್ಡಾಸ್ಪತ್ರೇಲಿ ಮೂರು ವರ್ಷದಿಂದ ಒಂದೇ ಒಂದು ನರ್ಸ್ ಹುದ್ದೇನೂ ತುಂಬಿಲ್ವಂತೆ. ಅದಕ್ಕೇನಂತೀರಿ?”

“ತುಂಬಬಾರದು ಅಂತೀನಿ. ಇರೋರ ಹತ್ರ ನೆಟ್ಟಗೆ ಕೆಲಸ ತಗೊಂಡ್ರೆ ಸಾಕು. ಇವತ್ತು ನಾವು ಖರ್ಚು ಮಾಡಿ, ನಾಳೆ ಹುಟ್ಟೋ ಮಕ್ಕಳ ತಲೆಗೆ ಕಟ್ಟೋದು ಯಾವ ನ್ಯಾಯ?”

“ನಿಮ್ಮ ಸೊಸೇನೇ ಅಲ್ಲಿ ನರ್ಸು. ಅವರೇನಂತಾರೆ?”

“ಅವಳೇನೂ ಅನ್ನಲ್ಲ. ಅವಳಿಗೂ ಗೊತ್ತು.”

ಅದು ಸುಳ್ಳೇನಲ್ಲ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಮೇಷ್ಟ್ರು ಊಟಕ್ಕೆ ಕೂತಾಗ ಆಯವ್ಯಯದ ಅಂಕಿಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದರೆ, ಸೊಸೆ “ಹೌದಾ ಮಾವ” ಎನ್ನುತ್ತ ತಲೆದೂಗುತ್ತಿದ್ದಳು. ಆ ತಲೆದೂಗಿನಲ್ಲಿ ತೂಕಡಿಕೆ ಎಷ್ಟು, ಒಪ್ಪಿಗೆ ಎಷ್ಟು ಎಂದು ಅವರು ಎಂದೂ ಲೆಕ್ಕ ಹಾಕಿರಲಿಲ್ಲ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

“ಸೊಸೆ ಕನ್ನಡಕ ಬಿಟ್ಟು ಹೋಗಿದಾಳೆ. ಅದಿಲ್ದೆ ಔಷಧಿ ಸೀಸೆ ಮೇಲಿನ ಅಕ್ಷರ ಅವಳಿಗೆ ಕಾಣಲ್ಲ. ಫೋನೂ ಎತ್ತುತಿಲ್ಲ. ನಿಮ್ಮ ಭಾಷಣ ಮುಗಿಸಿ ಒಂದು ಸಲ ಕೊಟ್ಟು ಬನ್ನಿ.”

ಮೇಷ್ಟ್ರು ಮನೆಗೆ ಹೋಗಿ ಕನ್ನಡಕ ತೆಗೆದುಕೊಂಡು ಆಸ್ಪತ್ರೆಯ ಮೂರನೇ ಮಹಡಿ ಹತ್ತುವ ಹೊತ್ತಿಗೆ ಹನ್ನೊಂದೂವರೆ. ಅದು ಭೇಟಿಯ ಹೊತ್ತಲ್ಲ. ರೋಗಿಗಳ ಕಡೆಯವರನ್ನೆಲ್ಲ ಹೊರಗೆ ಕಳಿಸಿ ವಾರ್ಡಿನ ಬಾಗಿಲು ಹಾಕಿದ್ದರು. ಸಿಸ್ಟರ್ ಮಾವ ಎಂದು ತಿಳಿದು ಕಾವಲಿನವನು ಒಳಗೆ ಬಿಟ್ಟ.

ಉದ್ದನೆಯ ಗಂಡಸರ ವಾರ್ಡು. ಎರಡು ಸಾಲು ಹಾಸಿಗೆ, ನಡುವೆ ನೆಲದ ಮೇಲೂ ನಾಲ್ವರು. ಅಷ್ಟು ಮಂದಿಯ ನಡುವೆ ಬಿಳಿ ಬಟ್ಟೆ ತೊಟ್ಟವಳು ಒಬ್ಬಳೇ. ಹದಿನೆಂಟನೇ ಹಾಸಿಗೆಯವನ ಬಾಯಿಗಿಟ್ಟ ಕೊಳವೆಗೆ ಒಂದು ರಬ್ಬರ್ ಚೀಲ ಸಿಕ್ಕಿಸಿ, ಸೊಸೆ ಅದನ್ನು ಹಿಸುಕುತ್ತಿದ್ದಳು. ಮೂಲೆಯಲ್ಲಿ ಯಾರಿಗೋ ಫಿಟ್ಸ್ ಬಂದು ಮಂಚವೇ ಗಡಗಡ ನಡುಗುತ್ತಿತ್ತು.

“ಅಮ್ಮಾ, ಕನ್ನಡಕ…”

“ಮಾವ, ಕೈ ತೊಳ್ಕೊಂಡು ಬನ್ನಿ. ಬೇಗ!”

ಮನೆಯಲ್ಲಿ ಅವಳು ಹಾಗೆ ಮಾತಾಡಿದ್ದನ್ನು ಅವರು ಕೇಳಿರಲೇ ಇಲ್ಲ. ಕೈ ತೊಳೆದು ಬಂದರು. ಅವಳು ಚೀಲವನ್ನು ಅವರ ಅಂಗೈಗಿಟ್ಟು, ಅದರ ಮೇಲೆ ತನ್ನ ಕೈ ಇಟ್ಟು ಒತ್ತಿದಳು. “ಐದು ಎಣಿಸಿ, ಒಂದ್ಸಲ ಒತ್ತಿ, ಬಿಡಿ. ಮತ್ತೆ ಐದು. ಉಸಿರಾಟದ ಮಷೀನು ಯಾವ್ದೂ ಖಾಲಿ ಇಲ್ಲ, ಸಿಗೋವರೆಗೂ ಇವರ ಉಸಿರು ಇದೇ. ಒತ್ತುತಿದ್ದ ಇವರ ಹೆಂಡತಿ ರಕ್ತ ತರೋಕೆ ಹೋಗಿದಾಳೆ. ಇನ್ನೊಬ್ಬ ಸಿಸ್ಟರು ಸ್ಕ್ಯಾನಿಂಗ್‌ಗೆ ರೋಗೀನ ಕರ್ಕೊಂಡು ಹೋಗಿದಾರೆ. ಏನೇ ಆಗ್ಲಿ ಕೈ ಬಿಡ್ಬೇಡಿ.”

ಓಡಿದಳು.

ಒಂದು, ಎರಡು, ಮೂರು, ನಾಲ್ಕು, ಐದು. ಮೇಷ್ಟ್ರು ಒತ್ತಿದರು. ಗೊತ್ತಿಲ್ಲದ ಒಬ್ಬನ ಎದೆ ಅವರ ಮುಷ್ಟಿಗೆ ತಕ್ಕಂತೆ ಏರಿತು, ಇಳಿಯಿತು. ಅವರ ಮಗನ ವಯಸ್ಸಿನವನು. ಉಗುರುಗಳಲ್ಲಿ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಗೋಡೆಗೆ ಬಣ್ಣ ಹೊಡೆಯುವವನಿರಬೇಕು.

“ನೀರು,” ಎಂದಿತು ಪಕ್ಕದ ಹದಿನೇಳನೇ ಹಾಸಿಗೆ.

ಬಡಕಲು ಮುದುಕ. ಕಣ್ಣು ನೇರವಾಗಿ ಮೇಷ್ಟ್ರ ಮೇಲೇ ಇತ್ತು. ನೀರಿನ ಬಾಟಲಿ ಅವನ ತಲೆಯ ಹಿಂದಿನ ಕಿಟಕಿಕಟ್ಟೆಯ ಮೇಲಿತ್ತು, ಮೇಷ್ಟ್ರಿಂದ ನಾಲ್ಕು ಹೆಜ್ಜೆ.

“ಸ್ವಲ್ಪ ತಡೀರಿ, ಸಿಸ್ಟರ್ ಬರ್ತಾರೆ.”

“ನೀರು ಕೊಡಪ್ಪ.”

ಆ ಬದಿಯ ಹದಿನಾರನೆಯವನ ಕಾಲಿಗೆ ತೂಕ ಕಟ್ಟಿ ಇಳಿಬಿಟ್ಟಿದ್ದರು. ಅವನು ಕೈ ಚಾಚಿ ನೋಡಿದ, ಎಟುಕಲಿಲ್ಲ. ಮೇಷ್ಟ್ರು ಕೂಗಿದರು, “ಅಮ್ಮಾ, ಹದಿನೇಳು!” ಮೂಲೆಯಿಂದ “ಬಂದೇ” ಎಂಬ ಉತ್ತರ ಬಂತು. ಫಿಟ್ಸ್ ಬಂದವನನ್ನು ಒಂದು ಮೊಣಕೈಯಿಂದ ಅದುಮಿ ಹಿಡಿದು, ಅವಳು ಔಷಧಿಯ ಸೀಸೆಯನ್ನು ತೋಳಿನುದ್ದ ದೂರ ಹಿಡಿದು, ಪಕ್ಕದ ರೋಗಿಯಿಂದ ಅಕ್ಷರ ಓದಿಸಿಕೊಳ್ಳುತ್ತಿದ್ದಳು. ಕನ್ನಡಕ ಮೇಷ್ಟ್ರ ಜೇಬಿನಲ್ಲೇ ಇತ್ತು.

ನಾಲ್ಕು ಹೆಜ್ಜೆ. ಹೋಗಿ ಬರಲು ಎಷ್ಟು ಸೆಕೆಂಡು? ಬಾಟಲಿಯ ಮುಚ್ಚಳ ತೆಗೆಯಲು? ಮುದುಕನ ತಲೆ ಎತ್ತಿ ಕುಡಿಸಲು? ಮೇಷ್ಟ್ರು ಲೆಕ್ಕ ಹಾಕಿದರು. ಯಾವ ಕಡೆಯಿಂದ ಕೂಡಿದರೂ ಈ ಬಣ್ಣದವನ ಐದಾರು ಉಸಿರು ಕಡಿಮೆ ಬೀಳುತ್ತಿತ್ತು. ಅವರು ಕದಲಲಿಲ್ಲ.

ಮುದುಕ ಇನ್ನೆರಡು ಸಲ ಕೇಳಿದ. ಆಮೇಲೆ ಕೇಳಲಿಲ್ಲ. ನಿದ್ದೆ ಹತ್ತಿರಬೇಕೆಂದು ಮೇಷ್ಟ್ರಿಗೆ ಒಂಥರಾ ನೆಮ್ಮದಿಯೇ ಆಯಿತು.

ಸೊಸೆ ಬಂದು ಹದಿನೇಳನೆಯವನ ಕುತ್ತಿಗೆಗೆ ಎರಡು ಬೆರಳಿಟ್ಟಳು. ಎದೆ ಒತ್ತಲು ಶುರುಮಾಡಿದಳು. ಡಾಕ್ಟರು ಓಡಿ ಬಂದರು, ಬೆನ್ನಿಗೇ ಎರಡನೇ ಸಿಸ್ಟರೂ ಬಂದಳು. ಬಹಳ ಹೊತ್ತು ಮೂವರೂ ಬಾಗಿದ್ದರು. ಆಮೇಲೆ ಒಬ್ಬೊಬ್ಬರಾಗಿ ನೆಟ್ಟಗಾದರು. ಸೊಸೆ ಮುದುಕನ ರೆಪ್ಪೆ ಮುಚ್ಚಿ, ಹೊದಿಕೆ ಎಳೆದು, ಮೇಷ್ಟ್ರ ಕಡೆ ಕೈ ಚಾಚಿದಳು.

“ಕನ್ನಡಕ ಕೊಡಿ ಮಾವ. ಟೈಮ್ ಬರೀಬೇಕು.”

ಜೇಬಿಗೆ ಕೈ ಹಾಕಲು ಮೇಷ್ಟ್ರಿಗೆ ಧೈರ್ಯವಾಗಲಿಲ್ಲ. ಕೈ ಬಿಡಬಾರದಲ್ಲ. ಅವಳೇ ಅವರ ಜೇಬಿನಿಂದ ತೆಗೆದುಕೊಂಡಳು.

ಮಷೀನು ಸಿಕ್ಕಿ, ಬಣ್ಣದವನನ್ನು ತಳ್ಳಿಕೊಂಡು ಹೋಗುವಾಗ ಒಂದು ಗಂಟೆ. ಚೀಲ ಬೇರೆಯವರ ಕೈಗೆ ಹೋದರೂ ಮೇಷ್ಟ್ರ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಸೊಸೆ ಅವನ್ನು ಒಂದೊಂದಾಗಿ ಬಿಡಿಸಿ ತಿಕ್ಕಿದಳು.

“ಇವತ್ತೇನಮ್ಮ ಹೀಗೆ?” ಮೇಷ್ಟ್ರು ಕೇಳಿದರು.

“ಇವತ್ತು ಪರವಾಗಿಲ್ಲ ಮಾವ,” ಎಂದಳು. “ಇವತ್ತು ನೀವಿದ್ರಲ್ಲ.”

ಅಣಕವಲ್ಲ. ಅವಳು ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ಮೇಷ್ಟ್ರು ಗೋಡೆಗೆ ಒರಗಿ ನಿಂತರು.

ಅವಳು ಮತ್ತೊಂದು ಹಾಸಿಗೆಗೆ ಹೋಗಿದ್ದಳು. ಆಗ ಬಾಗಿಲಿನಿಂದ ಒಬ್ಬ ಗಂಡಸು ಏದುಸಿರು ಬಿಡುತ್ತ ಬಂದ, ಕೈಯಲ್ಲಿ ಒಂದು ಕಾಗದ. ಹದಿನೇಳನೆಯವನ ಮಗ. ಕಾವಲಿನವನು ಸುದ್ದಿ ಮುಟ್ಟಿಸಿರಬೇಕು. ಹೊದಿಕೆ ಸರಿಸಿ ನೋಡಿ, ಮತ್ತೆ ಮುಚ್ಚಿ, ಹತ್ತಿರ ನಿಂತಿದ್ದ ಮೇಷ್ಟ್ರನ್ನು ನೋಡಿದ. ಆಸ್ಪತ್ರೆಯವರೇ ಎಂದುಕೊಂಡನೋ ಏನೋ.

“ಸಾರ್, ಅಪ್ಪ ಏನಾದ್ರೂ ಕೇಳಿದ್ರಾ?”

ಸುಳ್ಳೊಂದು ನಾಲಿಗೆಯ ತುದಿಗೆ ಬಂತು. ಮೇಷ್ಟ್ರು ಅದನ್ನು ನುಂಗಿಕೊಂಡರು.

“ನೀರು ಕೇಳಿದ್ರಪ್ಪ. ಕೊಡೋಕಾಗ್ಲಿಲ್ಲ. ನಾನು ಇಲ್ಲೇ ನಿಂತಿದ್ದೆ.”

ಆತ ಕೂಗಾಡಲಿಲ್ಲ. ಮಾತು ಕೇಳಿಸಲೇ ಇಲ್ಲವೇನೋ ಎಂಬಂತೆ ಕೈಯಲ್ಲಿದ್ದ ಕಾಗದ ಮುಂದೆ ಹಿಡಿದ.

“ಇದಕ್ಕೇ ಬೆಳಗ್ಗೆಯಿಂದ ಕೆಳಗೆ ಲೈನಲ್ಲಿ ನಿಂತಿದ್ದೆ ಸಾರ್. ರಕ್ತದ ರಿಪೋರ್ಟು. ಚೆನ್ನಾಗಿದೆ ಅಂದ್ರು. ನೀವೇ ನೋಡಿ, ಚೆನ್ನಾಗಿದೆಯಲ್ವಾ?”

ಮೇಷ್ಟ್ರು ಕಾಗದ ತೆಗೆದುಕೊಂಡರು. ಎಡಗಡೆ ಪರೀಕ್ಷೆಯ ಹೆಸರು, ನಡುವೆ ಬಂದ ಸಂಖ್ಯೆ, ಬಲಗಡೆ ಇರಬೇಕಾದ ಸಂಖ್ಯೆ. ಮರಗಟ್ಟಿದ ಬೆರಳನ್ನು ಮೊದಲ ಸಾಲಿನ ಮೇಲಿಟ್ಟು, ದಶಮಾಂಶ ಬಿಂದುವಿನ ಮುಂದಿನ ಅಂಕಿಯನ್ನೂ ಬಿಡದೆ, ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದರು. ಪ್ರತಿ ಸಾಲಿಗೂ ಆತ “ಹ್ಞೂಂ” ಎಂದು ತಲೆಯಾಡಿಸುತ್ತಿದ್ದ.