ಸೊಟ್ಟ ಹೆಬ್ಬೆರಳು

ಅಮ್ಮನ ಮುಖ ನನಗೆ ಮರೆತುಹೋಗಿಲ್ಲ. ಗೋಡೆಯ ಮೇಲೆ ಫೋಟೋ ಇದೆ, ಮರೆಯಲು ಬಿಡುವುದಿಲ್ಲ. ದನಿಯೂ ಮರೆತಿಲ್ಲ. ಅಷ್ಟು ಬೈಸಿಕೊಂಡವಳಿಗೆ ಅದು ಸಾಧ್ಯವೂ ಇಲ್ಲ. ಮರೆಯುತ್ತಿದ್ದದ್ದು ಅವಳ ಕೈ. ಮೀನಖಂಡದ ಮೇಲೆ ಅವಳ ಹೆಬ್ಬೆರಳು ಕೂರುತ್ತಿದ್ದ ರೀತಿ ದಿನದಿಂದ ದಿನಕ್ಕೆ ನನ್ನ ಕಾಲಿನಿಂದ ಅಳಿಸಿಹೋಗುತ್ತಿತ್ತು. ಅದನ್ನು ವಾಪಸು ತಂದುಕೊಡುವವರು ಇಡೀ ಚಿಯಾಂಗ್ ಮಾಯ್‌ನಲ್ಲಿ ಒಬ್ಬರೂ ಇರಲಿಲ್ಲ.

ಅಮ್ಮ ಬುವಾಚುಮ್, ನಮ್ಮ ಮರದ ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ಮೈ ಒತ್ತುವ ವಿದ್ಯೆ ಕಲಿಸುತ್ತಿದ್ದಳು. ಕಲಿಯಲು ಬರುತ್ತಿದ್ದವರೆಲ್ಲ ಬೆನ್ನಿಗೆ ಚೀಲ ಹೊತ್ತ ಪರದೇಶಿ ಪ್ರವಾಸಿಗರು. ಅವರು ಒತ್ತಿ ಕಲಿಯಲು ಒಂದು ಮೈ ಬೇಕಲ್ಲ, ಅದು ನನ್ನದು. ಅರ್ಧ ಪ್ರಪಂಚ ಈ ಸೆಂಗ್ದಾಳ ಕಾಲ ಮೇಲೆ ಕಲಿತು ಹೋಗಿದೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಸಂಜೆಯ ಹೊತ್ತಿಗೆ ಕಾಲು ನೋವಿನಿಂದ ಸಿಡಿಯುತ್ತಿತ್ತು. ಆಗ ಅಮ್ಮ ಸುಮ್ಮನೆ ಬಂದು ಕೂತು, ಅವರೆಲ್ಲ ಕೆಡಿಸಿದ್ದನ್ನು ತನ್ನ ಹೆಬ್ಬೆರಳಿನಿಂದ ಸರಿಮಾಡುತ್ತಿದ್ದಳು.

ಆ ಹೆಬ್ಬೆರಳು ಸೊಟ್ಟ. ಹುಡುಗಿಯಾಗಿದ್ದಾಗ ಭತ್ತ ಕುಟ್ಟುವ ಒನಕೆಯ ಕೆಳಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಹಾಗಾಗಿ ಅವಳು ಬೆರಳಿನ ತುದಿಯಿಂದ ಒತ್ತುತ್ತಿರಲಿಲ್ಲ. ಅಂಚನ್ನು ಊರಿ ಒಳಕ್ಕೆ ಉರುಳಿಸಿ, ನೋವಿಗೋ ಏನೋ, ‘ಹ್ಞೂಂ’ ಎನ್ನುತ್ತಿದ್ದಳು. ಅದರ ಬಗ್ಗೆ ಅವಳಿಗೆ ನಾಚಿಕೆ.

“ಇದನ್ನ ನೋಡಿ ಕಲೀಬೇಡಿ. ಇದು ವಿದ್ಯೆ ಅಲ್ಲ, ಗಾಯ. ನನ್ನ ಮಗಳ ಬೆರಳು ನೋಡಿ, ಹೆಂಗೆ ನೆಟ್ಟಗಿದೆ,” ಎನ್ನುತ್ತಿದ್ದಳು. ಬಂದವರೆಲ್ಲ ನನ್ನ ಬೆರಳು ನೋಡಿಯೇ ಕಲಿತರು, ಒಬ್ಬಳನ್ನು ಬಿಟ್ಟು.

ಅವಳು ಇಲ್ಡಿಕೊ. ಹಂಗೇರಿಯವಳು, ಅಲ್ಲಿ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ದಕ್ಷಿಣದ ಸಮುದ್ರ ನೋಡಲು ಹೊರಟವಳು ದಾರಿಯಲ್ಲಿ ನಮ್ಮಲ್ಲಿ ನಿಂತಳು. ಬೇಸಿಗೆಗೆ ಬಂದವಳು, ಮಳೆಗಾಲ ಮುಗಿದರೂ ಹೊರಡಲಿಲ್ಲ. ಮೊದಲ ದಿನವೇ ಅಮ್ಮ ಶುರುಮಾಡಿದಳು.

“ಏನಮ್ಮಾ, ಕಾಲನ್ನ ಹಿಟ್ಟು ಅಂದ್ಕೊಂಡ್ಯಾ? ಈಗೇನು ಒಲೆಗೆ ಹಾಕ್ತೀಯಾ?”

“ಸಾರಿ ಅಮ್ಮಾ, ಕೈ ಅಭ್ಯಾಸ.”

“ಕೈಬಲ ಬಿಡು, ಮೈಭಾರ ಹಾಕು. ಮೈ ಬೇಕಾದಷ್ಟಿದೆಯಲ್ಲ ನಿಂಗೆ!”

ಎಲ್ಲರಿಗಿಂತ ಜೋರಾಗಿ ನಕ್ಕವಳು ಇಲ್ಡಿಕೊಳೇ. ಆದರೆ ಅವಳ ಕಣ್ಣು ಅಮ್ಮನ ಕೈ ಬಿಟ್ಟು ಕದಲುತ್ತಿರಲಿಲ್ಲ.

ನಮ್ಮಲ್ಲಿ ಪರೀಕ್ಷೆ ಎಂದರೆ ಗುರುವನ್ನೇ ಮಲಗಿಸಿ ಒತ್ತುವುದು. ಈ ವಿದ್ಯೆಯ ಆದಿಗುರು ಜೀವಕನಿಗೆ ಕೈಮುಗಿದು, ಹೆಂಗಸಾದರೆ ಎಡಗಾಲಿನಿಂದ ಆರಂಭ. ಅಮ್ಮ ನಿದ್ದೆಹೋದರೆ ಪಾಸು. ಅವಳ ಗೊರಕೆಯೇ ಸರ್ಟಿಫಿಕೇಟು. ಅವತ್ತು ಅಮ್ಮನ ಕಣ್ಣು ಮುಚ್ಚಿಕೊಂಡಿತ್ತು. ಇಲ್ಡಿಕೊಳ ಕೈ ಮೀನಖಂಡಕ್ಕೆ ಬಂತು. ಬೆರಳಿನ ಅಂಚು ಊರಿತು, ಉರುಳಿತು, ‘ಹ್ಞೂಂ’ ಕೂಡ ಬಂತು! ನಾನು ಬಾಯಿಗೆ ಕೈ ಒತ್ತಿಕೊಂಡೆ. ಅಮ್ಮ ದಡಕ್ಕನೆ ಎದ್ದು ಕೂತಳು.

“ಯಾರು ಹೇಳ್ಕೊಟ್ರು ಇದನ್ನ?”

“ನೀವೇ ಅಮ್ಮಾ. ನೋಡಿ ಕಲಿತೆ.”

“ನನ್ನ ಗಾಯಾನ ಊರೂರಿಗೆ ಹೊತ್ಕೊಂಡು ಹೋಗ್ತೀಯಾ? ಫೇಲು! ನೆಟ್ಟಗೆ ಒತ್ತೋದು ಕಲ್ತು ಬಾ.”

ಹಾಗೆ ಬೈದವಳೇ ಮರುದಿನ ತನ್ನ ದೇಶಕ್ಕೆ ಹೊರಟ ಇಲ್ಡಿಕೊಳಿಗೆ ಬಸ್ಸಿಗೆಂದು ಅಂಟಕ್ಕಿಯ ಅನ್ನ, ಸುಟ್ಟ ಮೆಣಸಿನಕಾಯಿ ಚಟ್ನಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. ಆಮೇಲೆ ಎಷ್ಟೋ ವರ್ಷ, ಗೇಟು ಸದ್ದಾದಾಗಲೆಲ್ಲ, “ಆ ಹಿಟ್ಟಿನವಳು ಬಂದ್ಲೇನೇ?” ಎಂದು ಕೇಳುತ್ತಿದ್ದಳು. ಅವಳು ಬರಲಿಲ್ಲ. ಅಮ್ಮ ಹೋದಳು.

ನಾನು ಊರಿನ ಒಳ್ಳೊಳ್ಳೆ ಕೈಗಳ ಮುಂದೆ ಮಲಗಿ ನೋಡಿದೆ. ಎಲ್ಲರದ್ದೂ ಸರಿಯಾದ ಕೈ. ನನ್ನ ಹೆಬ್ಬೆರಳನ್ನೇ ಸೊಟ್ಟ ಮಾಡಿ ನನ್ನ ಕಾಲನ್ನೇ ಒತ್ತಿಕೊಂಡೆ. ಹುಚ್ಚಿಯ ಹಾಗೆ ಕಂಡಿರಬೇಕು. ಏನೂ ಸಿಗಲಿಲ್ಲ.

ಈ ವರ್ಷ ಗುರುಪೂಜೆಯ ಗುರುವಾರ, ಬೆಳಿಗ್ಗೆ ಮಲ್ಲಿಗೆ ಮಾಲೆ ಹಿಡಿದು ಗೇಟಿನಲ್ಲಿ ಒಬ್ಬಳು ನಿಂತಿದ್ದಳು. ತಲೆ ನರೆತಿತ್ತು, ಮೈ ಮಾತ್ರ ಅಷ್ಟೇ ಇತ್ತು. ಜೀವಕನ ಪಟದ ಪಕ್ಕದಲ್ಲಿದ್ದ ಅಮ್ಮನ ಫೋಟೋ ನೋಡಿ ಇಲ್ಡಿಕೊ ನೆಲಕ್ಕೆ ಕುಸಿದು ಕೂತಳು. ಇಬ್ಬರೂ ಅತ್ತೆವು.

“ಪರೀಕ್ಷೆ ಕೊಡೋಣ ಅಂತ ಬಂದೆ, ಅಕ್ಕಾ.”

“ಅಮ್ಮ ಇಲ್ಲದಿದ್ರೆ ನಾನಿಲ್ವಾ? ಬಾ,” ಎಂದು ಚಾಪೆ ಹಾಸಿದೆ. ಆ ಕೈ ಉಳಿದಿದ್ದರೆ ಇವಳಲ್ಲಿಯೇ ಉಳಿದಿರಬೇಕು.

ಕೈಮುಗಿದಳು. ಎಡಪಾದ, ಹಿಮ್ಮಡಿ, ಮೀನಖಂಡ. ಬೆರಳು ಬಂದು ಕೂತಿತು. ನೆಟ್ಟಗೆ!

“ಸರಿಹೋಯ್ತಲ್ವಾ ಅಕ್ಕಾ? ಅಮ್ಮ ಬೈದಿದ್ದು ಒಂದಿನಾನೂ ಮರೀಲಿಲ್ಲ. ಗಂಡನ ಕಾಲು ಒತ್ತೀ ಒತ್ತೀ ತಿದ್ಕೊಂಡೆ. ಪಾಪ, ಅವರ ಕಾಲು ಸವೆದೇ ಹೋಯ್ತು.”

ನನಗೆ ನಗು ಬರಲಿಲ್ಲ. ಅಮ್ಮ ಎರಡನೆಯ ಸಲ ಸತ್ತಂತಾಯಿತು. ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ ಹೇಳಿದೆ.

“ಮೊದ್ಲು ಒತ್ತುತಿದ್ಯಲ್ಲ, ಹಂಗೆ ಒತ್ತು.”

“ಅದು ತಪ್ಪಲ್ವಾ ಅಕ್ಕಾ?”

“ತಪ್ಪೇ. ಒತ್ತೇ ಮಾರಾಯ್ತಿ!”

ಅವಳು ಅನುಮಾನಿಸಿದಳು. ಬೆರಳು ಜಾರಿತು. ಮತ್ತೊಮ್ಮೆ ಊರಿತು, ಕೂರಲಿಲ್ಲ. ಆಮೇಲೆ ಅಂಚು ಸಿಕ್ಕಿತು, ಒಳಕ್ಕೆ ಉರುಳಿತು. ಅವಳಿಗೇ ಗೊತ್ತಿಲ್ಲದೆ ‘ಹ್ಞೂಂ’ ಎಂದಳು. ನನಗಿಂತ ಮೊದಲು ನನ್ನ ಕಾಲಿಗೆ ಗೊತ್ತಾಯಿತು. ಅಮ್ಮ ಬಂದಿದ್ದಳು. ಮತ್ತೆ ಆ ಹಳೆಯ ಸಂಜೆಯಾಗಿತ್ತು, ಪ್ರವಾಸಿಗರೆಲ್ಲ ಹೋಗಿದ್ದರು, ಅಮ್ಮ ಸುಮ್ಮನೆ ಬಂದು ಕೂತಿದ್ದಳು. ದಿಂಬು ಒದ್ದೆಯಾಯಿತು. ಇಲ್ಡಿಕೊ ಒತ್ತುತ್ತಲೇ ಇದ್ದಳು.

ಎಚ್ಚರವಾದಾಗ ಬಿಸಿಲು ಜಗಲಿ ದಾಟಿತ್ತು. ಅವಳು ಕಾಲ ಬುಡದಲ್ಲಿ ಮಂಡಿಯೂರಿ ಕೂತಿದ್ದಳು.

“ಗೊರಕೆ ಹೊಡೆದ್ರಿ ಅಕ್ಕಾ. ಪಾಸು ತಾನೇ? ನಾಳೆ ಬೆಳಿಗ್ಗೆ ಬಸ್ಸಿದೆ. ಈ ಸಲವಾದ್ರೂ ಸಮುದ್ರ ನೋಡ್ಬೇಕು.”

ನಾನು ಎದ್ದು ಕೂದಲು ಕಟ್ಟಿಕೊಂಡೆ. ಅಮ್ಮನ ದನಿಯನ್ನು ಆದಷ್ಟೂ ತಂದುಕೊಂಡೆ.

“ಫೇಲು. ಹೆಬ್ಬೆರಳು ಸೊಟ್ಟಗಿತ್ತು. ನಾಳೆ ಬಾ.”

ಅವಳು ನನ್ನ ಮುಖ ನೋಡಿದಳು, ಒದ್ದೆ ದಿಂಬು ನೋಡಿದಳು.

“ಎಷ್ಟು ಹೊತ್ತಿಗೆ ಬರ್ಲಿ ಅಕ್ಕಾ?” ಎಂದಳು.