ಗಂಟೆಗೆ ಹತ್ತು ಲೀಟರ್

ನಾನು ಒಂದು ಗಂಟೆ ಮೀಟರು. ದೋಣಿಯ ಎಂಜಿನ್ ಎಷ್ಟು ಹೊತ್ತು ಓಡಿತೆಂದು ಎಣಿಸುವುದೊಂದೇ ನನ್ನ ಕೆಲಸ. ಪುಣೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದಾಗ ನನ್ನ ಮುಖದ ತುಂಬ ಸೊನ್ನೆಗಳೇ ಇದ್ದವು.

ಮೊದಲ ಯಜಮಾನರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಇನಾಮದಾರರು. ಕಾರವಾರದಲ್ಲಿ ವಿಹಾರಕ್ಕೆಂದು ಬಿಳಿ ದೋಣಿ ಕೊಂಡು, ಚುಕ್ಕಾಣಿಯ ಪಕ್ಕ ನನ್ನನ್ನು ಕೂರಿಸಿದರು. ಆದರೆ ಅಲೆ ಎದ್ದರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತಿತ್ತು. ನಾಲ್ಕು ವರ್ಷದಲ್ಲಿ ನಾನು ಎಣಿಸಿದ್ದು ಬರೀ ಅರವತ್ತೊಂದು ಗಂಟೆ. ಕೊನೆಗೆ ದೋಣಿಯನ್ನು ಗಣಪತಿ ಹರಿಕಂತ್ರರಿಗೆ ಮಾರಿಬಿಟ್ಟರು.

ಗಣಪತಿಯಣ್ಣ ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವವರು. ಅವರ ಕೈಗೆ ಬಂದ ಮೇಲೆ ನನಗೆ ಬಿಡುವೇ ಇರಲಿಲ್ಲ. ದಿನಾ ಬೆಳಿಗ್ಗೆ ಅವರ ಹೆಂಡತಿ ಮೋಹಿನಿಯಕ್ಕ ಪೆಟ್ರೋಲ್ ಕ್ಯಾನ್‌ಗಳನ್ನು ತರುತ್ತಿದ್ದರು. ಟ್ಯಾಂಕ್ ತುಂಬಿಸಿ, ಎಷ್ಟು ಹಿಡಿಯಿತೆಂದು ನೋಡಿ, ನನ್ನ ಗಾಜಿನ ಮೇಲಿನ ಉಪ್ಪನ್ನು ಸೆರಗಿನಿಂದ ಒರೆಸಿ, ಲೀಟರನ್ನೂ ಗಂಟೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಗಂಟೆಗೆ ಹತ್ತು ಲೀಟರ್. ಗಾಳಿಯಿದ್ದರೆ ಹನ್ನೊಂದು.

ಒಂದು ಭಾನುವಾರ ಹನ್ನೆರಡು ಜನ ಲೈಫ್ ಜಾಕೆಟ್ ತೊಟ್ಟು ದೋಣಿ ಕಟ್ಟುವ ಧಕ್ಕೆಯ ಮೇಲೆ ಕಾಯುತ್ತಿದ್ದರು. ಗಣಪತಿಯಣ್ಣ ಆಗಲೇ ಕೀಲಿ ಸಿಕ್ಕಿಸಿದ್ದರು. ಮೋಹಿನಿಯಕ್ಕ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು.

"ಇವತ್ತು ಹೋಗ್ಬೇಡಿ."

"ಯಾಕೆ?"

"ನಿನ್ನೆ ಓಡಿದ್ದು ನಾಲ್ಕು ಗಂಟೆ. ಟ್ಯಾಂಕಿಗೆ ಐವತ್ತೆರಡು ಲೀಟರ್ ಹಿಡೀತು."

"ಗಾಳಿ ಇದ್ದಿರಬೇಕು ಬಿಡು."

"ನಿನ್ನೆ ಒಂದು ಎಲೆನೂ ಅಲ್ಲಾಡ್ಲಿಲ್ಲ. ಉಳಿದ ಹನ್ನೆರಡು ಲೀಟರ್ ಎಲ್ಲಿ ಹೋಯ್ತು? ಅದನ್ನು ಹೇಳಿ, ಆಮೇಲೆ ಹೋಗಿ."

ಹಾಗೆಂದವರೇ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಜನರ ಮುಂದೆ ಗಣಪತಿಯಣ್ಣನ ಮುಖ ಕೆಂಪಾಯಿತು. ಸಿಟ್ಟಿನಲ್ಲೇ ಹಿಂಬದಿಯ ಹಲಗೆ ಎತ್ತಿದರು.

ಪೆಟ್ರೋಲ್ ವಾಸನೆ ಗಪ್ಪೆಂದು ಎದ್ದಿತು. ಪೈಪು ಬಿರುಕು ಬಿಟ್ಟು, ದೋಣಿಯ ತಳದ ನೀರಿನ ಮೇಲೆಲ್ಲ ಪೆಟ್ರೋಲ್ ಹರಡಿತ್ತು. ಕೀಲಿ ತಿರುಗಿಸುವಾಗ ಒಂದು ಕಿಡಿ ಹಾರಿದ್ದರೆ ಸಾಕಿತ್ತು. ನಾನೂ ಆ ಕೀಲಿ ತಿರುಗುವುದನ್ನೇ ಕಾಯುತ್ತಿದ್ದವನು, ನನಗೇನೂ ತಿಳಿದಿರಲಿಲ್ಲ.

ಗಣಪತಿಯಣ್ಣ ಎಲ್ಲರನ್ನೂ ಬೇರೆ ದೋಣಿಗೆ ಹತ್ತಿಸಿ, ಧಕ್ಕೆಯ ಅಂಚಿನಲ್ಲಿ ಕುಳಿತರು.

"ಇನ್ನು ನೀನು ಹೂಂ ಅಂದ ಮೇಲೇ ಕೀಲಿ ತಿರುಗಿಸೋದು," ಎಂದರು.

"ಆಯ್ತು. ಮೊದಲು ಚಹಾ ಕುಡೀರಿ."

ನಾಲ್ಕು ಸಾವಿರ ಗಂಟೆ ದಾಟುವ ಹೊತ್ತಿಗೆ ಎಂಜಿನ್ ಸೋತಿತು. ಹೊಸ ಎಂಜಿನ್ನಿಗೆ ಅದರದೇ ಮೀಟರು ಬಂತು. ನಾನೀಗ ಮೋಹಿನಿಯಕ್ಕನ ಮನೆಯ ಕಿಟಕಿಯಲ್ಲಿದ್ದೇನೆ. ಸಂಜೆಯಾದರೆ ಬೇರೆ ದೋಣಿಯವರೂ ಬಂದು ಕೇಳುತ್ತಾರೆ: "ಅಕ್ಕಾ, ಮೂರು ಗಂಟೆ, ಮೂವತ್ತೆಂಟು ಲೀಟರ್. ನಾಳೆ ಹೋಗಬಹುದಾ?" ಅಕ್ಕ ಕನ್ನಡಕ ಏರಿಸಿ ಹಿಂದಿನ ಪುಟಗಳನ್ನು ತಿರುವುತ್ತಾರೆ.

ಮೊನ್ನೆ ಹಾಗೆ ಕೇಳಿದ ರಾಮಕೃಷ್ಣ ತಾಂಡೇಲರಿಗೆ "ಪೈಪ್ ನೋಡಿಕೊಂಡು ಹೋಗು" ಎಂದಿದ್ದರು. ಅವರು ಮರುದಿನ ಬಾಗಿಲಲ್ಲಿ ನಿಂತು, "ಸಡಿಲ ಆಗಿತ್ತು ಅಕ್ಕಾ" ಎಂದಷ್ಟೇ ಹೇಳಿ, ನಾಲ್ಕು ಬಂಗುಡೆ ಮೀನು ಕೊಟ್ಟು ಹೋದರು.

ಗಂಟೆ ಎಣಿಸುವುದು ನನಗೆ ಬರುತ್ತಿತ್ತು. ಆದರೆ ಆ ಗಂಟೆಗಳಲ್ಲಿ ದೋಣಿಯೊಳಗೆ ಯಾರ್‍ಯಾರು ಕುಳಿತಿದ್ದಾರೆಂದು ಯೋಚಿಸಲು ಅಕ್ಕನೇ ಬೇಕಾಯಿತು. ಒಳಗೆ ಸಾರು ಕುದಿಯುತ್ತಿದೆ. ಹೊರಗೆ ತಾಂಡೇಲರ ದೋಣಿ ದಡಕ್ಕೆ ಬರುವ ಸದ್ದು ಕೇಳುತ್ತಿದೆ.